ಹೊಟ್ಟೆಯೊಳಗೆ ಕಿಟಕಿ ಇದ್ದ ದೋಣಿ ಕೂಲಿ: ಅಲೆಕ್ಸಿಸ್ ಸೇಂಟ್ ಮಾರ್ಟಿನ್

ಊಟವಾದ ಮೇಲೆ ಹುಳಿತೇಗು ಬಂದರೆ, ಎದೆ ಉರಿದರೆ ನಾವೆಲ್ಲ ಗ್ಯಾಸ್ಟ್ರಿಕ್ ಎಂದು ಹೇಳಿ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತೇವೆ. ಹೊಟ್ಟೆಯೊಳಗೆ ಒಂದು ಆಮ್ಲವಿದೆ, ಅದು ಹೆಚ್ಚು ಕಡಿಮೆಯಾದರೆ ತೊಂದರೆ ಎಂಬುದು ಈಗ ಶಾಲೆ ಮಕ್ಕಳಿಗೂ ಗೊತ್ತು. ಆದರೆ ಇನ್ನೂರು ವರ್ಷಗಳ ಹಿಂದೆ ದೊಡ್ಡ ದೊಡ್ಡ ವೈದ್ಯರಿಗೇ ಇದು ಸ್ಪಷ್ಟವಿರಲಿಲ್ಲ. ಅದನ್ನು ಸ್ಪಷ್ಟಪಡಿಸಿದ್ದರಲ್ಲಿ ಓದು ಬರಹ ಬಾರದ ಒಬ್ಬ ದೋಣಿ ಕೂಲಿಯ ಪಾಲು ಬಹಳ ದೊಡ್ಡದು. ಹೆಸರು ಅಲೆಕ್ಸಿಸ್ ಸೇಂಟ್ ಮಾರ್ಟಿನ್. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಆತನ ಹೆಸರು ಇಂದಿಗೂ ಇದೆ. ಆದರೆ ಆತನ ಬದುಕಿನ ಕತೆ ಆ ಪುಸ್ತಕಗಳಲ್ಲಿ ಎರಡು ಮೂರು ಸಾಲಿಗಿಂತ ಹೆಚ್ಚಿರುವುದಿಲ್ಲ.

ಅಲೆಕ್ಸಿಸ್ ಹುಟ್ಟಿದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಬರ್ತಿಯೆ ಎಂಬ ಊರಿನಲ್ಲಿ. ಹುಟ್ಟಿದ ವರ್ಷದ ಬಗ್ಗೆ 1794 ಎಂದೂ 1802 ಎಂದೂ ಎರಡು ಲೆಕ್ಕಗಳಿವೆ. ಮನೆಯ ಮಾತು ಫ್ರೆಂಚ್. ಆ ಪ್ರಾಂತ್ಯವನ್ನು ಆಗ ಆಳುತ್ತಿದ್ದವರು ಇಂಗ್ಲಿಷರು. ಆತ ಕೂಲಿಗೆ ಸೇರಿದ್ದು ಗಡಿಯ ಆಚೆಗಿನ ಅಮೆರಿಕದ ಕಂಪೆನಿಗೆ. ಆಡುವ ಭಾಷೆ ಒಂದು, ಆಳುವ ಭಾಷೆ ಇನ್ನೊಂದು, ಹೊಟ್ಟೆಪಾಡು ಗಡಿಯಾಚೆ. ಕಾಸರಗೋಡಿನಿಂದ ಹಿಡಿದು ತಾಳವಾಡಿ, ಜತ್ತ, ಆದೋನಿಯ ತನಕ ಗಡಿಯಲ್ಲಿ ಬಾಳುವ ನಮಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದಲ್ಲಿ ಯುರೋಪಿನ ಶ್ರೀಮಂತರ ಟೋಪಿಗಳಿಗೆ ಬೀವರ್ ಎಂಬ ನೀರಿನ ಪ್ರಾಣಿಯ ತುಪ್ಪಳಕ್ಕೆ ಭಾರಿ ಬೇಡಿಕೆ ಇತ್ತು. ಉತ್ತರ ಅಮೆರಿಕದ ಕಾಡುಗಳಿಂದ ತುಪ್ಪಳದ ಹೊರೆಗಳನ್ನು ನದಿ, ಸರೋವರಗಳ ಮೂಲಕ ದೋಣಿಯಲ್ಲಿ ಸಾಗಿಸಬೇಕಿತ್ತು. ಇದಕ್ಕಾಗಿ ಫ್ರೆಂಚ್ ಮಾತನಾಡುವ ಕೆನಡಾದ ಬಡ ಯುವಕರನ್ನು ವರ್ಷಗಳ ಕರಾರಿನ ಮೇಲೆ ನೇಮಿಸಿಕೊಳ್ಳುತ್ತಿದ್ದರು. ದಿನವಿಡೀ ಹುಟ್ಟು ಹಾಕುವುದು, ಜಲಪಾತ ಎದುರಾದಲ್ಲಿ ಹೊರೆಯನ್ನೂ ದೋಣಿಯನ್ನೂ ಹೆಗಲ ಮೇಲೆ ಹೊತ್ತು ನಡೆಯುವುದು ಇವರ ಕೆಲಸ. ಗಟ್ಟಿ ಆಳುಗಳಿಗಷ್ಟೇ ಆಗುವ ದುಡಿಮೆ ಅದು. ಅಲೆಕ್ಸಿಸ್ ಅಂಥ ಗಟ್ಟಿ ಆಳುಗಳಲ್ಲಿ ಒಬ್ಬ.

ಹ್ಯೂರಾನ್ ಮತ್ತು ಮಿಶಿಗನ್ ಸರೋವರಗಳು ಕೂಡುವ ಕಡೆ ಮ್ಯಾಕಿನಾ ಎಂಬ ಸಣ್ಣ ದ್ವೀಪವಿದೆ. ಬೇಸಿಗೆ ಬಂತೆಂದರೆ ಅಲ್ಲಿ ಜಾತ್ರೆಯೇ ಸರಿ. ಕಾಡಿನಿಂದ ಬಂದ ಬೇಟೆಗಾರರು, ಮೂಲನಿವಾಸಿಗಳು, ವ್ಯಾಪಾರಿಗಳು, ದೋಣಿ ಕೂಲಿಗಳು ಎಲ್ಲರೂ ಸೇರುತ್ತಿದ್ದರು. 1822ರ ಜೂನ್ 6ರ ಬೆಳಗ್ಗೆ ಅಮೆರಿಕನ್ ಫರ್ ಕಂಪೆನಿಯ ಅಂಗಡಿಯಲ್ಲಿ ಜನ ತುಂಬಿದ್ದಾಗ ಯಾರದೋ ಕೈಯಲ್ಲಿದ್ದ ಕೋವಿಯಿಂದ ಆಕಸ್ಮಿಕವಾಗಿ ಈಡು ಹಾರಿತು. ಬಾತುಕೋಳಿ ಹೊಡೆಯಲು ಚರೆ ತುಂಬಿಸಿಟ್ಟಿದ್ದ ಕೋವಿ. ಮೂರಡಿಗಿಂತಲೂ ಕಡಿಮೆ ದೂರದಲ್ಲಿ ನಿಂತಿದ್ದ ಅಲೆಕ್ಸಿಸನ ಎಡ ಪಕ್ಕೆಗೆ ಅದು ಬಡಿಯಿತು. ಅಂಗಿಗೆ ಬೆಂಕಿ ಹತ್ತಿತು, ಪಕ್ಕೆಲುಬು ಮುರಿಯಿತು. ಸುಟ್ಟ ಶ್ವಾಸಕೋಶದ ಒಂದು ಭಾಗ ಗಾಯದಿಂದ ಹೊರಗೆ ಬಂದಿತ್ತು. ಅದರ ಕೆಳಗೆ ಜಠರವೂ ತೂತಾಗಿ, ಬೆಳಗ್ಗೆ ತಿಂದ ತಿಂಡಿ ಆ ತೂತಿನಿಂದ ಹೊರಗೆ ಸುರಿಯುತ್ತಿತ್ತು.

ದ್ವೀಪದಲ್ಲಿದ್ದ ಅಮೆರಿಕ ಸೇನೆಯ ಕೋಟೆಗೆ ವಿಲಿಯಂ ಬ್ಯೂಮಾಂಟ್ ಎಂಬಾತ ವೈದ್ಯನಾಗಿದ್ದ. ಕನೆಕ್ಟಿಕಟ್ ರಾಜ್ಯದ ರೈತ ಕುಟುಂಬದವನು, 1785ರಲ್ಲಿ ಹುಟ್ಟಿದವನು. ಯಾವ ವೈದ್ಯ ಕಾಲೇಜಿನಲ್ಲೂ ಓದಿ ಪದವಿ ಪಡೆದವನಲ್ಲ. ಇನ್ನೊಬ್ಬ ವೈದ್ಯನ ಕೈಕೆಳಗೆ ದುಡಿದು ವಿದ್ಯೆ ಕಲಿತು, 1812ರ ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡು ಪಳಗಿದ್ದ. ಈಡು ಬಿದ್ದ ಅರ್ಧ ಗಂಟೆಯೊಳಗೆ ಆತ ಅಲ್ಲಿಗೆ ತಲುಪಿದ. ಚಾಚಿಕೊಂಡಿದ್ದ ಪಕ್ಕೆಲುಬಿನ ಚೂಪು ತುದಿಯನ್ನು ಚೂರಿಯಿಂದ ಕತ್ತರಿಸಿ ಶ್ವಾಸಕೋಶವನ್ನು ಒಳಗೆ ತಳ್ಳಿ ಪಟ್ಟಿ ಕಟ್ಟಿದ. ರೋಗಿ ಒಂದೂವರೆ ದಿನವೂ ಬದುಕಲಾರ ಎಂದೇ ಆತನ ಅಂದಾಜು.

ಅಂದಾಜು ಸುಳ್ಳಾಯಿತು. ಜ್ವರ ಬಂತು, ಕೀವು ಆಯಿತು, ಸತ್ತ ಮಾಂಸ ಕಳಚಿ ಬಿತ್ತು. ಆದರೆ ಅಲೆಕ್ಸಿಸ್ ಸಾಯಲಿಲ್ಲ. ಮೊದಲ 17 ದಿನ ಬಾಯಿಂದ ಏನು ಕೊಟ್ಟರೂ ಪಕ್ಕೆಯ ತೂತಿನಿಂದ ಹೊರಗೆ ಬರುತ್ತಿತ್ತು. ಹಾಗಾಗಿ ಪೌಷ್ಟಿಕ ದ್ರವವನ್ನು ಎನಿಮಾ ಮೂಲಕ ಗುದದ್ವಾರದಿಂದ ಕೊಟ್ಟು ಜೀವ ಉಳಿಸಬೇಕಾಯಿತು. ಆಮೇಲೆ ತೂತಿನ ಮೇಲೆ ಬಿಗಿಯಾಗಿ ಬಟ್ಟೆ ಒತ್ತಿ ಕಟ್ಟಿದರೆ ಊಟ ಒಳಗೆ ನಿಲ್ಲತೊಡಗಿತು. ತಿಂಗಳುಗಟ್ಟಲೆ ಎಲುಬಿನ ಚೂರು, ಚರೆ, ಬಟ್ಟೆಯ ತುಂಡು ಗಾಯದಿಂದ ಒಂದೊಂದಾಗಿ ಹೊರಬಂದವು. ಬ್ಯೂಮಾಂಟ್ ದಿನವೂ ಗಾಯ ತೊಳೆದು ಪಟ್ಟಿ ಬದಲಾಯಿಸಿದ. ಈ ಶುಶ್ರೂಷೆಯ ವಿಷಯದಲ್ಲಿ ಆತನನ್ನು ಯಾರೂ ದೂರುವಂತಿಲ್ಲ.

ಸುಮಾರು ಹತ್ತು ತಿಂಗಳಾದ ಮೇಲೆ ಊರಿನ ಆಡಳಿತದವರು ಈ ಅನಾಥ ಕೂಲಿಗೆ ಇನ್ನು ಖರ್ಚು ಮಾಡಲಾಗದು ಎಂದು ಕೈಚೆಲ್ಲಿದರು. ತೆರೆದ ದೋಣಿಯಲ್ಲಿ ಕೂರಿಸಿ ಸಾವಿರಾರು ಮೈಲಿ ದೂರದ ಅವನ ಹುಟ್ಟೂರಿಗೆ ಕಳಿಸಿಬಿಡುವುದು ಅವರ ಯೋಚನೆ. ಹಾಗೆ ಮಾಡಿದರೆ ದಾರಿಯಲ್ಲೇ ಸಾಯುತ್ತಾನೆ ಎಂದು ಬ್ಯೂಮಾಂಟ್ ಅವನನ್ನು ತನ್ನ ಮನೆಗೆ ಕರೆತಂದ. ಸೇನೆಯ ವೈದ್ಯನ ಸಂಬಳ ಅಷ್ಟಕ್ಕಷ್ಟೆ, ಮನೆಯಲ್ಲಿ ಹೆಂಡತಿ ಮಕ್ಕಳೂ ಇದ್ದರು.

ಎಲ್ಲ ಮಾಯಿತು, ತೂತು ಮಾತ್ರ ಮಾಯಲಿಲ್ಲ. ಜಠರದ ಗೋಡೆ ಪಕ್ಕೆಯ ಚರ್ಮಕ್ಕೆ ಅಂಟಿಕೊಂಡು ಅಲ್ಲೊಂದು ಕಾಯಂ ಬಾಗಿಲು ಉಳಿಯಿತು. ಕೆಲಕಾಲದ ನಂತರ ಜಠರದ ಒಳಪೊರೆಯ ಒಂದು ಮಡಿಕೆ ಬೆಳೆದು ಆ ತೂತಿಗೆ ಒಳಗಿನಿಂದ ಮುಚ್ಚಳದಂತೆ ಕುಳಿತಿತು. ಇದರಿಂದ ಊಟ ಹೊರಗೆ ಬರುವುದು ನಿಂತಿತು. ಆದರೆ ಬೆರಳಿನಿಂದ ಒತ್ತಿದರೆ ಮುಚ್ಚಳ ಒಳಗೆ ಸರಿದು ಜಠರದ ಒಳಭಾಗ ಕಣ್ಣಿಗೆ ಕಾಣುತ್ತಿತ್ತು. ತೂತಿನ ಅಂಚುಗಳನ್ನು ಸವರಿ ಹೊಲಿಗೆ ಹಾಕುವ ಶಸ್ತ್ರಚಿಕಿತ್ಸೆಗೆ ರೋಗಿಯೇ ಒಪ್ಪಲಿಲ್ಲ ಎಂದು ಬ್ಯೂಮಾಂಟ್ ಬರೆದಿಟ್ಟಿದ್ದಾನೆ. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ಒಪ್ಪದಿದ್ದರೆ ಆಶ್ಚರ್ಯವಿಲ್ಲ. ವೈದ್ಯನಿಗೂ ಅದು ತೆರೆದಿರುವುದೇ ಬೇಕಿತ್ತು ಎಂದು ನಂತರದವರಲ್ಲಿ ಕೆಲವರು ಸಂಶಯ ಪಟ್ಟಿದ್ದಾರೆ. ಈ ಬಗ್ಗೆ ಅಲೆಕ್ಸಿಸನ ಹೇಳಿಕೆ ಎಲ್ಲೂ ದಾಖಲಾಗಿಲ್ಲವಾದ್ದರಿಂದ ನಮಗೆ ಸಿಗುವುದು ಒಂದು ಕಡೆಯ ಮಾತು ಮಾತ್ರ.

ಪಚನಕ್ರಿಯೆಯ ಬಗ್ಗೆ ಆಗ ವಿದ್ವಾಂಸರಲ್ಲಿ ದೊಡ್ಡ ಜಗಳವೇ ಇತ್ತು. ಜಠರ ಬೀಸುಕಲ್ಲಿನಂತೆ ಅರೆಯುತ್ತದೆ ಎಂದು ಒಬ್ಬರು, ಒಲೆಯಂತೆ ಬೇಯಿಸುತ್ತದೆ ಎಂದು ಇನ್ನೊಬ್ಬರು, ಹಿಟ್ಟು ಹುಳಿ ಬಂದಂತೆ ಊಟ ಒಳಗೆ ಹುದುಗುತ್ತದೆ ಎಂದು ಮತ್ತೊಬ್ಬರು ವಾದಿಸುತ್ತಿದ್ದರು. ಇಟಲಿಯ ಸ್ಪಲ್ಲಾಂಜಾನಿ ಎಂಬ ಪಾದ್ರಿ ವಿಜ್ಞಾನಿ 18ನೇ ಶತಮಾನದಲ್ಲಿ ಸಣ್ಣ ಬಟ್ಟೆ ಚೀಲದಲ್ಲಿ ಆಹಾರ ಕಟ್ಟಿ ತಾನೇ ನುಂಗಿ ಪರೀಕ್ಷೆ ಮಾಡಿಕೊಂಡಿದ್ದ. ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲಿ ಪ್ರಾಣಿಗಳ ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಗುರುತಿಸಿದ್ದ. ಬದುಕಿರುವ ಮನುಷ್ಯನ ಹೊಟ್ಟೆಯೊಳಗೆ ಊಟ ಕರಗುವುದನ್ನು ತಿಂಗಳುಗಟ್ಟಲೆ ಕಣ್ಣಿಟ್ಟು ನೋಡುವ ಅವಕಾಶ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ಮ್ಯಾಕಿನಾದ ಸೇನಾ ವೈದ್ಯನಿಗೆ ಅದು ತನ್ನ ಮನೆಯಲ್ಲೇ ಸೌದೆ ಒಡೆಯುತ್ತಾ ಓಡಾಡಿಕೊಂಡಿತ್ತು.

ಪ್ರಯೋಗಗಳು 1825ರಲ್ಲಿ ಶುರುವಾದವು. ಅಷ್ಟರಲ್ಲಿ ಬ್ಯೂಮಾಂಟ್‌ಗೆ ನಯಾಗರಾ ಕೋಟೆಗೆ ವರ್ಗವಾಗಿತ್ತು, ಅಲೆಕ್ಸಿಸನೂ ಜೊತೆಗಿದ್ದ. ಆಗಸ್ಟ್ 1ರ ಮಧ್ಯಾಹ್ನ 12 ಗಂಟೆಗೆ ಮಸಾಲೆ ಹಾಕಿ ಬೇಯಿಸಿದ ದನದ ಮಾಂಸ, ಉಪ್ಪು ಹಾಕಿದ ಹಂದಿ ಕೊಬ್ಬು, ಉಪ್ಪು ಹಾಕಿದ ಹಸಿ ಮಾಂಸ, ಬೇಯಿಸಿದ ಉಪ್ಪು ಮಾಂಸ, ಹಳೆಯ ಬ್ರೆಡ್, ಹಸಿ ಎಲೆಕೋಸು ಇವುಗಳ ಸಣ್ಣ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ತೂತಿನ ಮೂಲಕ ಜಠರಕ್ಕೆ ಇಳಿಬಿಟ್ಟ. ಅಲೆಕ್ಸಿಸ್ ಆ ದಾರವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮನೆಗೆಲಸ ಮುಂದುವರಿಸಿದ. ಒಂದು ಗಂಟೆಗೆ ಎಳೆದು ನೋಡಿದರೆ ಕೋಸು, ಬ್ರೆಡ್ ಅರ್ಧ ಕರಗಿದ್ದವು, ಮಾಂಸ ಹಾಗೇ ಇತ್ತು. ಎರಡು ಗಂಟೆಗೆ ಕೋಸು, ಬ್ರೆಡ್, ಹಂದಿ ಕೊಬ್ಬು, ಬೇಯಿಸಿದ ಮಾಂಸ ಎಲ್ಲ ಮಾಯವಾಗಿ ದಾರವಷ್ಟೇ ಉಳಿದಿತ್ತು. ಹಸಿ ಮಾಂಸ ಮತ್ತು ಮಸಾಲೆ ಮಾಂಸ ಮಾತ್ರ ಪೂರ್ತಿ ಕರಗಿರಲಿಲ್ಲ.

ಮುಂದಿನ ಭಾಗವನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಅಂದು ಸಂಜೆಯ ಹೊತ್ತಿಗೆ ಅಲೆಕ್ಸಿಸನಿಗೆ ಹೊಟ್ಟೆಯಲ್ಲಿ ಸಂಕಟ, ತಲೆನೋವು ಶುರುವಾಯಿತು. ಮರುದಿನವೂ ಓಕರಿಕೆ, ಹೊಟ್ಟೆನೋವು ಇತ್ತು. ಜಠರದ ಒಳಗೆ ಬಿಳಿ ಕಲೆಗಳು ಕಂಡವು. ಬ್ಯೂಮಾಂಟ್ ಪಾದರಸದಿಂದ ಮಾಡಿದ ಔಷಧಿಯ ಗುಳಿಗೆಗಳನ್ನು ಅದೇ ತೂತಿನಿಂದ ಒಳಗೆ ಹಾಕಿ ವಾಸಿ ಮಾಡಿದ. ಗುಣವಾದ ಕೂಡಲೇ ಮತ್ತೆ ಪ್ರಯೋಗ. ಆಗಸ್ಟ್ 7ರಂದು 17 ಗಂಟೆಗಳ ಉಪವಾಸದ ನಂತರ ಥರ್ಮಾಮೀಟರ್ ಇಳಿಸಿದಾಗ ಜಠರದ ಉಷ್ಣತೆ 100 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಒಂದು ಔನ್ಸ್ ಜಠರರಸ ತೆಗೆದು ಬಾಟಲಿಗೆ ಹಾಕಿ, ಅದರಲ್ಲಿ ಮಾಂಸದ ತುಂಡು ಮುಳುಗಿಸಿ ಅಷ್ಟೇ ಬಿಸಿಯ ನೀರಿನಲ್ಲಿಟ್ಟಾಗ ಬಾಟಲಿಯೊಳಗೂ ಮಾಂಸ ಕರಗಿತು, ಹೊಟ್ಟೆಯಲ್ಲಿ ಕರಗಿದ್ದಕ್ಕಿಂತ ನಿಧಾನವಾಗಿ ಅಷ್ಟೆ. ಜೀವಂತ ಹೊಟ್ಟೆ ಇಲ್ಲದೆಯೂ ರಸ ತನ್ನ ಕೆಲಸ ಮಾಡುತ್ತದೆ ಎಂದಾಯಿತು. ಅಂದರೆ ಪಚನಕ್ರಿಯೆಯಲ್ಲಿ ಮುಖ್ಯವಾದದ್ದು ರಾಸಾಯನಿಕ ಕ್ರಿಯೆ. ಬೀಸುಕಲ್ಲು, ಒಲೆಗಳ ವಾದ ಅಲ್ಲಿಗೆ ಸಡಿಲವಾಯಿತು.

ಆ ತಿಂಗಳೇ ಬ್ಯೂಮಾಂಟ್ ರಜೆ ಹಾಕಿ ಅಲೆಕ್ಸಿಸನನ್ನು ಕರೆದುಕೊಂಡು ವರ್ಮಾಂಟ್‌ನ ಬರ್ಲಿಂಗ್ಟನ್‌ಗೂ ಅಲ್ಲಿಂದ ಪ್ಲಾಟ್ಸ್‌ಬರ್ಗ್‌ಗೂ ಹೋದ. ಪ್ಲಾಟ್ಸ್‌ಬರ್ಗ್‌ನಿಂದ ಕೆನಡಾದ ಗಡಿ ದೂರವೇನಿಲ್ಲ. ಸೆಪ್ಟೆಂಬರಿನ ಒಂದು ದಿನ ಅಲೆಕ್ಸಿಸ್ ಹೇಳದೆ ಕೇಳದೆ ಗಡಿ ದಾಟಿ ತನ್ನವರ ನಡುವೆ ಸೇರಿಕೊಂಡ. ಬ್ಯೂಮಾಂಟ್ ಇದನ್ನು ಕೃತಘ್ನತೆ ಎಂದು ತಿಳಿದು ಬಹಳ ಸಿಟ್ಟಾದ. ಮೂರು ವರ್ಷ ಅನ್ನ ಹಾಕಿ ಆರೈಕೆ ಮಾಡಿದವನ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಮೂರು ವರ್ಷ ಮನೆಯ ಮುಖ ನೋಡದ ಹುಡುಗ, ಹೊಟ್ಟೆಗೆ ದಾರ ಇಳಿಸಿಕೊಂಡು ಕಾಯಿಲೆ ಬಿದ್ದವನು, ಊರು ಹತ್ತಿರ ಬಂದಾಗ ಕಾಲಿಗೆ ಬುದ್ಧಿ ಹೇಳಿದ್ದರಲ್ಲಿ ತಪ್ಪೇನಿದೆಯೋ ಈ ಲೇಖಕನಿಗೆ ಕಾಣುವುದಿಲ್ಲ.

ಕೆನಡಾದಲ್ಲಿ ಅಲೆಕ್ಸಿಸ್ ಮರಿ ಜೋಲಿ ಎಂಬ ಹುಡುಗಿಯನ್ನು ಮದುವೆಯಾದ. ಹೊಟ್ಟೆಯ ತೂತಿಗೆ ಪಟ್ಟಿ ಕಟ್ಟಿಕೊಂಡೇ ಹಡ್ಸನ್ ಬೇ ಕಂಪೆನಿಯ ದೋಣಿಗಳಲ್ಲಿ ಮತ್ತೆ ಕೂಲಿ ಮಾಡಿದ. ಇಬ್ಬರು ಮಕ್ಕಳಾದರು. ಬ್ಯೂಮಾಂಟ್ ಮಾತ್ರ ಸುಮ್ಮನಿರಲಿಲ್ಲ. ತುಪ್ಪಳದ ಕಂಪೆನಿಯ ಏಜೆಂಟರ ಮೂಲಕ ಹುಡುಕಿಸಿ, ಖರ್ಚು ಕೊಟ್ಟು, 1829ರ ಆಗಸ್ಟಿನಲ್ಲಿ ಇಡೀ ಕುಟುಂಬವನ್ನು ಮಿಸಿಸಿಪಿ ನದಿ ದಂಡೆಯ ಕ್ರಾಫರ್ಡ್ ಕೋಟೆಗೆ ಕರೆಸಿಕೊಂಡ. ಸುಮಾರು ಎರಡು ಸಾವಿರ ಮೈಲಿಯ ಪ್ರಯಾಣ ಅದು. ಅಲ್ಲಿ ಅಲೆಕ್ಸಿಸ್ ಹೊರಗೆ ಸೌದೆ ಒಡೆಯುವ ಆಳು, ಒಳಗೆ ಪ್ರಯೋಗದ ಹೊಟ್ಟೆ. 1831ರ ಮಾರ್ಚ್ ತನಕ ಹೀಗೆ ನಡೆಯಿತು.

ಪ್ರಯೋಗ ಎಂದರೆ ಏನೇನು ಎಂದು ತಿಳಿದರೆ ಅದರ ಭಾರ ತಿಳಿದೀತು. ಉಪವಾಸ ಇರಿಸುವುದು, ಮಲಗಿಸಿ ರಬ್ಬರ್ ನಳಿಕೆ ಇಳಿಸಿ ರಸ ತೆಗೆಯುವುದು. ಬಿಸಿಲು, ಮಳೆ, ಹಿಮದ ದಿನಗಳಲ್ಲಿ ಹೊಟ್ಟೆಯ ಉಷ್ಣತೆ ಅಳೆಯುವುದು. ಊಟವಾಗಿ ಅರ್ಧ ಗಂಟೆ, ಒಂದು ಗಂಟೆಗೆಲ್ಲ ತೂತಿನಿಂದ ತಿಂದದ್ದನ್ನು ಹೊರತೆಗೆದು ಪರೀಕ್ಷಿಸುವುದು. ಬಾಟಲಿಯ ರಸ ಮೈಬಿಸಿಯಲ್ಲೇ ಇರಲಿ ಎಂದು ಅಲೆಕ್ಸಿಸ್ ಗಂಟೆಗಟ್ಟಲೆ ಅದನ್ನು ಕಂಕುಳಲ್ಲಿ ಅವುಚಿಕೊಂಡು ಇರಬೇಕಾಗಿತ್ತು. ಖಾಲಿ ಜಠರದ ರುಚಿ ಹುಳಿಯೋ ಅಲ್ಲವೋ ಎಂದು ಬ್ಯೂಮಾಂಟ್ ತೂತಿನೊಳಗೆ ನಾಲಿಗೆ ತಾಗಿಸಿಯೂ ನೋಡಿದ್ದ. ರಸ ತೆಗೆದಾಗಲೆಲ್ಲ ಹೊಟ್ಟೆಯ ಗುಂಡಿಯಲ್ಲಿ ಕುಸಿದಂತಾಗಿ ತಲೆಸುತ್ತು ಬರುತ್ತಿತ್ತು. ಅಲೆಕ್ಸಿಸ್ ಎಷ್ಟೋ ಸಲ ರೇಗಿದ್ದುಂಟು. ಆ ರೇಗಿದ ದಿನವನ್ನೂ ವೈದ್ಯ ಬಿಡಲಿಲ್ಲ. ಸಿಟ್ಟು ಬಂದಾಗ ಜಠರದೊಳಗೆ ಪಿತ್ತರಸ ಕಾಣಿಸಿಕೊಳ್ಳುತ್ತದೆ, ಊಟ ಕರಗುವುದು ತಡವಾಗುತ್ತದೆ ಎಂದು ಬರೆದುಕೊಂಡ. ಮನಸ್ಸು ಕೆಟ್ಟರೆ ಹೊಟ್ಟೆ ಕೆಡುತ್ತದೆ ಎಂಬ ನಮ್ಮ ಹಿರಿಯರ ಮಾತಿಗೆ ಕಣ್ಣಾರೆ ಕಂಡ ಸಾಕ್ಷಿ ಸಿಕ್ಕಿದ್ದು ಹೀಗೆ.

1831ರಲ್ಲಿ ಮರಿಗೆ ತವರಿನ ಹಂಬಲ ಹೆಚ್ಚಾಯಿತು. ಬ್ಯೂಮಾಂಟ್ ಈ ಸಲ ಒಪ್ಪಿ ಕಳಿಸಿದ. ಗಂಡ, ಹೆಂಡತಿ, ಮಕ್ಕಳು ತೆರೆದ ದೋಣಿಯಲ್ಲಿ ಮಿಸಿಸಿಪಿಯಲ್ಲಿ ಇಳಿದು, ಓಹಿಯೋ ನದಿಯಲ್ಲಿ ಏರಿ, ಈರಿ ಮತ್ತು ಒಂಟಾರಿಯೊ ಸರೋವರಗಳನ್ನು ದಾಟಿ ಜೂನ್ ತಿಂಗಳಲ್ಲಿ ಮಾಂಟ್ರಿಯಲ್ ತಲುಪಿದರು. ಹೊಟ್ಟೆಗೆ ತೂತಿದ್ದ ಮನುಷ್ಯ ಮೂರು ತಿಂಗಳು ಹುಟ್ಟು ಹಾಕಿದ ಪ್ರಯಾಣ ಅದು.

1832ರ ಅಕ್ಟೋಬರಿನಲ್ಲಿ ಪ್ಲಾಟ್ಸ್‌ಬರ್ಗ್‌ನಲ್ಲಿ ಒಂದು ಕರಾರುಪತ್ರ ಆಯಿತು. ಅಲೆಕ್ಸಿಸ್ ಒಂದು ವರ್ಷ ಬ್ಯೂಮಾಂಟ್ ಹೋದಲ್ಲೆಲ್ಲ ಹೋಗಬೇಕು, ಸೇವಕನಾಗಿ ದುಡಿಯಬೇಕು, ತನ್ನ ಜಠರದ ಮೇಲೆ ವೈದ್ಯ ಹೇಳಿದ ಪ್ರಯೋಗಗಳಿಗೆಲ್ಲ ಒಡ್ಡಿಕೊಳ್ಳಬೇಕು. ಪ್ರತಿಯಾಗಿ ಊಟ, ಬಟ್ಟೆ, ವಸತಿ ಮತ್ತು 150 ಡಾಲರ್. ಅದರಲ್ಲಿ 40 ಡಾಲರ್ ಮುಂಗಡ, ಉಳಿದದ್ದು ವರ್ಷದ ಕೊನೆಗೆ. ಪತ್ರ ಇಂಗ್ಲಿಷ್‌ನಲ್ಲಿತ್ತು. ಅಲೆಕ್ಸಿಸನಿಗೆ ಯಾವ ಭಾಷೆಯಲ್ಲೂ ಓದು ಬರುತ್ತಿರಲಿಲ್ಲ. ಸಹಿಯ ಜಾಗದಲ್ಲಿ ಒಂದು ಗೀಟು ಹಾಕಿದ. ವೈದ್ಯಕೀಯ ಸಂಶೋಧನೆಗೆ ಒಡ್ಡಿಕೊಳ್ಳುವವರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಂಡ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು ಎಂದು ಇತಿಹಾಸಕಾರರು ಇದನ್ನು ಎತ್ತಿ ಹೇಳುತ್ತಾರೆ. ಕೂಲಿ ಕರಾರಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ ಎಂಬುದೂ ನಿಜ. ಮಧ್ಯದಲ್ಲಿ ಸಾಕು ಎನ್ನುವ ಹಕ್ಕು ಅದರಲ್ಲಿ ಇರಲಿಲ್ಲ.

ಇಲ್ಲಿ ಒಂದು ಮಾತನ್ನು ನಮ್ಮ ಓದುಗರಿಗಾಗಿಯೇ ಹೇಳಬೇಕು. ಇನ್ನೊಂದು ಭಾಷೆಯಲ್ಲಿ ಅಚ್ಚಾದ ಕಾಗದಕ್ಕೆ ಸಹಿ ಹಾಕುವುದು ಗಡಿಯ ಹಳ್ಳಿಗಳಲ್ಲಿ ನಿತ್ಯದ ಸಂಗತಿ. ಆಸ್ಪತ್ರೆಯ ಕಾಗದವೂ ಅದಕ್ಕೆ ಹೊರತಲ್ಲ. ಆದರೆ ಹೊಸ ಔಷಧಿಯ ಪರೀಕ್ಷೆಗೆ ಜನರನ್ನು ಸೇರಿಸಿಕೊಳ್ಳುವಾಗ ಭಾರತದಲ್ಲಿ 2019ರ ನಿಯಮಗಳ ಪ್ರಕಾರ ವಿವರವನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಓದಲು ಬಾರದವರಾದರೆ ಯಾರ ಪರವೂ ಅಲ್ಲದ ಸಾಕ್ಷಿಯೊಬ್ಬರು ಮೊದಲಿಂದ ಕೊನೆಯ ತನಕ ಎದುರಿಗಿದ್ದು ಸಹಿ ಮಾಡಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಹಾಗೆ ಸರಿದರೆ ಮಾಮೂಲಿ ಚಿಕಿತ್ಸೆಗೆ ಅಡ್ಡಿ ಮಾಡುವಂತಿಲ್ಲ. ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ನೈತಿಕ ಸಮಿತಿಯ ಒಪ್ಪಿಗೆಯೂ, 2009ರಿಂದ ಸರಕಾರಿ ನೋಂದಣಿ ಪಟ್ಟಿಯಲ್ಲಿ ದಾಖಲೆಯೂ ಕಡ್ಡಾಯ. ಕಾಸರಗೋಡಿನವರಾಗಲಿ ಹೊಸೂರಿನವರಾಗಲಿ ಸೊಲ್ಲಾಪುರದವರಾಗಲಿ ಕಾಗದ ಕನ್ನಡದಲ್ಲಿ ಬೇಕು ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ. ಅಲೆಕ್ಸಿಸನ ಕಾಲದಲ್ಲಿ ಇವು ಯಾವುವೂ ಇರಲಿಲ್ಲ.

ಕರಾರಾದ ಮೇಲೆ ಇಬ್ಬರೂ ರಾಜಧಾನಿ ವಾಷಿಂಗ್ಟನ್‌ಗೆ ಹೋದರು. ಅಲ್ಲಿ ಅಲೆಕ್ಸಿಸನನ್ನು ಸೇನೆಯ ಸಾರ್ಜೆಂಟ್ ಎಂದು ದಾಖಲಿಸಿ ತಿಂಗಳಿಗೆ 12 ಡಾಲರ್ ಸಂಬಳ ಗೊತ್ತುಮಾಡಲಾಯಿತು. ಆ ಚಳಿಗಾಲದಲ್ಲಿ ನೂರಕ್ಕೂ ಹೆಚ್ಚು ಪ್ರಯೋಗಗಳು ನಡೆದವು. ಜಠರರಸದ ಮಾದರಿಯನ್ನು ಪರೀಕ್ಷಿಸಿದ ವರ್ಜೀನಿಯಾ ವಿಶ್ವವಿದ್ಯಾಲಯದ ರಾಬ್ಲಿ ಡಂಗ್ಲಿಸನ್ ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುವುದನ್ನು ಖಚಿತಪಡಿಸಿದ.

1833ರ ಬೇಸಿಗೆಯ ಒಂದು ದಾಖಲೆ ವಿಶೇಷವಾದದ್ದು. ಅಲೆಕ್ಸಿಸ್ ಎಂಟು ಹತ್ತು ದಿನ ವಿಪರೀತ ಮದ್ಯ ಕುಡಿದಿದ್ದ. ಬ್ಯೂಮಾಂಟ್ ಮುಚ್ಚಳ ಸರಿಸಿ ನೋಡಿದರೆ ಜಠರದ ಒಳಪೊರೆ ಅಲ್ಲಲ್ಲಿ ಕೆಂಪೇರಿ ಹುಣ್ಣಿನಂತಾಗಿತ್ತು, ಕೆಲವು ಕಡೆ ರಕ್ತ ಒಸರುತ್ತಿತ್ತು. ಆದರೆ ಅಲೆಕ್ಸಿಸನಿಗೆ ನೋವೂ ಇಲ್ಲ, ಉರಿಯೂ ಇಲ್ಲ, ಊಟವೂ ಎಂದಿನಂತೆ ಸೇರುತ್ತಿತ್ತು. ಲಕ್ಷಣ ಕಾಣದಿದ್ದ ಮಾತ್ರಕ್ಕೆ ಹೊಟ್ಟೆ ಚೆನ್ನಾಗಿದೆ ಎಂದಲ್ಲ ಎಂಬುದನ್ನು ವೈದ್ಯನೊಬ್ಬ ತನ್ನ ಕಣ್ಣಿಂದಲೇ ಕಂಡು ಬರೆದದ್ದು ಅಪರೂಪ. ಇಂದು ಎಂಡೋಸ್ಕೋಪಿಯ ಕ್ಯಾಮೆರಾ ಇಳಿಸಿ ನೋಡುವ ವೈದ್ಯರು ಇದನ್ನೇ ಮತ್ತೆ ಮತ್ತೆ ಕಾಣುತ್ತಾರೆ. ಇದಕ್ಕೆ ವಿರುದ್ಧವಾದದ್ದನ್ನೂ ಕಾಣುತ್ತಾರೆ: ಹೊಟ್ಟೆ ನೋಡಲು ಸರಿಯಿರುತ್ತದೆ, ರೋಗಿಯ ಸಂಕಟ ಮಾತ್ರ ನಿಜವಾಗಿರುತ್ತದೆ.

ಅದೇ 1833ರಲ್ಲಿ ಬ್ಯೂಮಾಂಟ್ ತನ್ನ ಪುಸ್ತಕವನ್ನು ಪ್ಲಾಟ್ಸ್‌ಬರ್ಗ್‌ನಲ್ಲಿ ಅಚ್ಚು ಹಾಕಿಸಿದ. 280 ಪುಟ, ಇನ್ನೂರಕ್ಕೂ ಹೆಚ್ಚು ಪ್ರಯೋಗಗಳ ವಿವರ, ಕೊನೆಗೆ 51 ತೀರ್ಮಾನಗಳು. ಖಾಲಿ ಹೊಟ್ಟೆಯಲ್ಲಿ ಜಠರರಸ ತುಂಬಿಕೊಂಡಿರುವುದಿಲ್ಲ, ಆಹಾರ ಬಂದಾಗಲೇ ಒಸರುತ್ತದೆ ಎಂಬುದು ಅವುಗಳಲ್ಲೊಂದು. ಜ್ವರ ಬಂದಾಗ ರಸ ಬತ್ತುತ್ತದೆ, ಆಗ ತಿಂದದ್ದು ಕರಗದೆ ಉಳಿಯುತ್ತದೆ ಎಂಬುದು ಇನ್ನೊಂದು. ಯಾವ ಆಹಾರ ಎಷ್ಟು ಹೊತ್ತಿಗೆ ಕರಗಿತು ಎಂಬ ಪಟ್ಟಿ ಬಹಳ ಪ್ರಸಿದ್ಧವಾಯಿತು. ಬೇಯಿಸಿದ ಅಕ್ಕಿಗೆ 1 ಗಂಟೆ, ಸಾಬುದಾನಿಗೆ ಒಂದೂಮುಕ್ಕಾಲು, ಕಾಯಿಸಿದ ಹಾಲಿಗೆ 2, ಗಟ್ಟಿ ಬೇಯಿಸಿದ ಮೊಟ್ಟೆಗೆ ಮೂರೂವರೆ, ಬೇಯಿಸಿದ ಎಲೆಕೋಸಿಗೆ ನಾಲ್ಕೂವರೆ, ಹುರಿದ ಹಂದಿ ಮಾಂಸಕ್ಕೆ 5 ಗಂಟೆ 15 ನಿಮಿಷ. ಹುಷಾರಿಲ್ಲದವರಿಗೆ ಗಂಜಿ ಕುಡಿಸುವ ನಮ್ಮ ಮನೆಗಳಿಗೆ ಮೊದಲ ಸಾಲು ಹೊಸತೇನಲ್ಲ. ಇವೆಲ್ಲ ಒಬ್ಬನೇ ಮನುಷ್ಯನ, ಅದೂ ತೂತಿದ್ದ ಹೊಟ್ಟೆಯ ಲೆಕ್ಕ ಎಂಬುದನ್ನು ಮರೆಯಬಾರದು. ಆದರೂ ಮುಖ್ಯ ತೀರ್ಮಾನಗಳು ನಿಂತವು. 1836ರಲ್ಲಿ ಜರ್ಮನಿಯ ಶ್ವಾನ್ ಜಠರರಸದಲ್ಲಿ ಆಮ್ಲದ ಜೊತೆಗಿರುವ ಪೆಪ್ಸಿನ್ ಅನ್ನು ಕಂಡುಹಿಡಿದ. ರಷ್ಯಾದ ಪಾವ್ಲೋವ್ ನಾಯಿಗಳ ಜಠರಕ್ಕೆ ಬೇಕೆಂದೇ ಇಂಥ ತೂತು ಮಾಡಿ ಅಧ್ಯಯನ ನಡೆಸಿ 1904ರಲ್ಲಿ ನೊಬೆಲ್ ಪಡೆದ.

ಪುಸ್ತಕ ಬಂದ ಮೇಲೆ ಊರಿಗೆ ಹೋಗಿ ಬರುತ್ತೇನೆಂದು ಹೊರಟ ಅಲೆಕ್ಸಿಸ್ ಮತ್ತೆ ಬರಲಿಲ್ಲ. ಬ್ಯೂಮಾಂಟ್ ಸೇಂಟ್ ಲೂಯಿಸ್‌ನಲ್ಲಿ ನೆಲೆಸಿ ಸುಮಾರು ಇಪ್ಪತ್ತು ವರ್ಷ ಕಾಗದ ಬರೆದ, ಜನ ಕಳಿಸಿದ, ತನ್ನ ಮಗನನ್ನೂ ಕಳಿಸಿದ, ಹಣ ಹೆಚ್ಚಿಸುತ್ತಾ ಹೋದ. ಅಲೆಕ್ಸಿಸ್ ಬೇರೆಯವರ ಕೈಯಿಂದ ಉತ್ತರ ಬರೆಯಿಸುತ್ತಿದ್ದ. ಬ್ಯೂಮಾಂಟ್ ಮನೆಯವರ ಕ್ಷೇಮ ವಿಚಾರಿಸುತ್ತಿದ್ದ, ತನ್ನ ಬಡತನ ಹೇಳಿಕೊಳ್ಳುತ್ತಿದ್ದ, ಬರುವುದಾದರೆ ಹೆಂಡತಿ ಮಕ್ಕಳೊಂದಿಗೇ ಬರುವೆ ಎನ್ನುತ್ತಿದ್ದ. ಬ್ಯೂಮಾಂಟ್‌ಗೆ ಬೇಕಾಗಿದ್ದದ್ದು ಅವನೊಬ್ಬನೇ. ಕುಟುಂಬ ಜೊತೆಗಿದ್ದರೆ ಮತ್ತೆ ಊರಿನ ಹಂಬಲ ಎಂಬುದು ಆತನ ಲೆಕ್ಕ. ಮಾತುಕತೆ ಮುರಿಯುತ್ತಲೇ ಹೋಯಿತು. 1853ರಲ್ಲಿ ಮಂಜುಗಟ್ಟಿದ ಮೆಟ್ಟಿಲಿನಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ಏಪ್ರಿಲ್ 25ರಂದು ಬ್ಯೂಮಾಂಟ್ ತೀರಿಕೊಂಡ.

ವೈದ್ಯ ಹೋದ ಮೇಲೂ ಹೊಟ್ಟೆಯ ತೂತು ಇತ್ತು, ಬಡತನವೂ ಇತ್ತು. 1856ರಲ್ಲಿ ಡಾಕ್ಟರೆಂದು ಹೇಳಿಕೊಂಡ ಒಬ್ಬಾತ ಅಲೆಕ್ಸಿಸನನ್ನು ಅಮೆರಿಕದ ನಗರಗಳಿಗೆ ಕರೆದೊಯ್ದು ತೂತನ್ನು ಪ್ರದರ್ಶನಕ್ಕಿಟ್ಟ. ಫಿಲಡೆಲ್ಫಿಯಾದಲ್ಲಿ ಫ್ರಾನ್ಸಿಸ್ ಗರ್ನಿ ಸ್ಮಿತ್ ಎಂಬ ವೈದ್ಯ ಆಗ ಮತ್ತೆ ಕೆಲವು ಪ್ರಯೋಗ ನಡೆಸಿದ. ಆಮೇಲೆ ಅಲೆಕ್ಸಿಸ್ ಕ್ವಿಬೆಕ್‌ನ ಜೋಲಿಯೆಟ್ ಬಳಿಯ ಸೇಂಟ್ ಥಾಮಸ್ ಎಂಬ ಹಳ್ಳಿಯಲ್ಲಿ ಚೂರು ಜಮೀನು, ಕೂಲಿ, ಕುಡಿತಗಳ ನಡುವೆ ಮುಪ್ಪಿನ ದಿನ ಕಳೆದ.

ಹೋಲಿಕೆಗೆ ನಮ್ಮ ಕಾಲದ ಒಂದು ಉದಾಹರಣೆ ಇದೆ. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾನೇ ಕುಡಿದ. ಕೆಲವೇ ದಿನಗಳಲ್ಲಿ ಓಕರಿಕೆ, ವಾಂತಿ ಶುರುವಾಗಿ, ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಂಡಿತು. ಈ ಬ್ಯಾಕ್ಟೀರಿಯಾ ಜಠರದ ಹುಣ್ಣಿಗೂ ಕಾರಣ ಎಂಬುದು ಮುಂದೆ ಗಟ್ಟಿಯಾಗಿ, ಮಾರ್ಷಲ್ ಮತ್ತು ರಾಬಿನ್ ವಾರನ್ 2005ರಲ್ಲಿ ನೊಬೆಲ್ ಹಂಚಿಕೊಂಡರು. ತಾನೇ ವೈದ್ಯ, ತಾನೇ ರೋಗಿ; ಏನು ಕುಡಿಯುತ್ತಿದ್ದೇನೆ ಎಂಬುದು ಆತನಿಗೆ ಪೂರ್ತಿ ಗೊತ್ತಿತ್ತು. ಅಲೆಕ್ಸಿಸನಿಗೆ ಎಷ್ಟು ಗೊತ್ತಿತ್ತೋ ಯಾರೂ ಕೇಳಿ ಬರೆದಿಡಲಿಲ್ಲ.

1880ರ ಜೂನ್ 24ರಂದು ಅಲೆಕ್ಸಿಸ್ ತೀರಿಕೊಂಡ. ಸಾಯುವುದಿಲ್ಲ ಎಂದು ಯಾರೂ ನಂಬದಿದ್ದ ಗಾಯವಾಗಿ 58 ವರ್ಷ ಕಳೆದಿತ್ತು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಆಗ ಪ್ರಾಧ್ಯಾಪಕನಾಗಿದ್ದ, ಮುಂದೆ ಜಗತ್ಪ್ರಸಿದ್ಧನಾದ ವಿಲಿಯಂ ಆಸ್ಲರ್‌ಗೆ ಆ ಜಠರವನ್ನು ವಾಷಿಂಗ್ಟನ್‌ನ ಸೇನಾ ವೈದ್ಯಕೀಯ ವಸ್ತುಸಂಗ್ರಹಾಲಯದಲ್ಲಿ ಇಡಿಸಬೇಕೆಂಬ ಆಸೆ ಇತ್ತು. ಶವಪರೀಕ್ಷೆಗೆ ಅನುಮತಿ ಕೇಳಿದ. ಮನೆಯವರು ಒಪ್ಪಲಿಲ್ಲ. ಬರಬೇಡಿ ಎಂದು ಎಚ್ಚರಿಕೆಯನ್ನೇ ಕೊಟ್ಟರು.

ಬರಿ ನಿರಾಕರಣೆ ಸಾಲದು, ರಾತ್ರಿ ಬಂದು ಅಗೆದು ಒಯ್ದಾರು ಎಂಬ ಭಯ ಅವರಿಗಿತ್ತು. ಹಾಗಾಗಿ ಜೂನ್ ತಿಂಗಳ ಸೆಕೆಯಲ್ಲಿ ಹೆಣವನ್ನು ಮನೆಯಲ್ಲೇ ದಿನಗಟ್ಟಲೆ ಇಟ್ಟುಕೊಂಡರು. ಅದು ಎಷ್ಟು ಕೊಳೆತಿತ್ತೆಂದರೆ ಅಂತ್ಯಸಂಸ್ಕಾರದ ಪ್ರಾರ್ಥನೆಯ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಚರ್ಚಿನ ಹೊರಗೇ ಬಿಡಬೇಕಾಯಿತು. ಆಮೇಲೆ ಎಂಟು ಅಡಿ ಆಳದ ಗುಂಡಿ ತೋಡಿ ಹೂತರು. ಗುರುತಿನ ಕಲ್ಲು ನೆಡಲಿಲ್ಲ. ಎಂಬತ್ತೆರಡು ವರ್ಷಗಳ ನಂತರ, 1962ರಲ್ಲಿ, ಕೆನಡಾದ ಶರೀರಕ್ರಿಯಾ ವಿಜ್ಞಾನಿಗಳ ಸಂಘದವರು ಸೇಂಟ್ ಥಾಮಸ್‌ಗೆ ಬಂದು ಆ ಸಮಾಧಿಯ ಹತ್ತಿರ ಅವನ ಹೆಸರಿನ ಫಲಕವೊಂದನ್ನು ಹಾಕಿಸಿದರು.